ನಲ್ಲಿ ಟೈಮರ್ ಮತ್ತು ತೂಗಾಡುವ ಸ್ಪ್ರಿಂಕ್ಲರ್: ಹಲವು ಬೇಸಿಗೆ ಬಳಸಿದ ಮೇಲೆ

ಟೈಮರ್‌ಗೆ 5ಕ್ಕೆ 4. ಸ್ಪ್ರಿಂಕ್ಲರ್‌ಗೆ 5ಕ್ಕೆ 3.

ಬ್ಯಾಟರಿಯಿಂದ ನಡೆಯುವ ಈ ನಲ್ಲಿ ಟೈಮರ್ ಒಳ್ಳೆಯ ಸಾಧನ. ಆದರೆ ಅದರಲ್ಲಿ ಮೊದಲೇ ತುಂಬಿಟ್ಟಿರುವ ‘ದಿನಾ 10 ನಿಮಿಷ’ ಪ್ರೋಗ್ರಾಂ ಬೇಸಿಗೆಯ ಹುಲ್ಲುಹಾಸನ್ನು ಹಾಳು ಮಾಡುತ್ತದೆ. ಜೋಡಿಸಿದ ಕೂಡಲೇ ಅದನ್ನು ಅಳಿಸಿಬಿಡಿ. ದಿನಾ ಸ್ವಲ್ಪಸ್ವಲ್ಪ ನೀರು ಬಿದ್ದರೆ ಮೇಲಿನ ಎರಡು ಮೂರು ಸೆಂಟಿಮೀಟರ್ ಮಣ್ಣು ಮಾತ್ರ ನೆನೆಯುತ್ತದೆ, ಬೇರೂ ಅಷ್ಟಕ್ಕೇ ನಿಲ್ಲುತ್ತದೆ. ಬಿಸಿಲು ಏರಿದ ದಿನ ಆ ಪದರ ಮಧ್ಯಾಹ್ನದೊಳಗೆ ಒಣಗುತ್ತದೆ, ಹುಲ್ಲಿಗೆ ಕೆಳಗಿನಿಂದ ಎಳೆದುಕೊಳ್ಳಲು ಏನೂ ಇರುವುದಿಲ್ಲ. ಇದರ ಜೊತೆಗೆ ಯಾರೂ ಹೇಳದ ಇನ್ನೊಂದು ತೊಂದರೆಯಿದೆ. ಸುತ್ತಲೆಲ್ಲ ನೆಲ ಒಣಗಿರುವಾಗ ದುಂಬಿಗಳು ಮೊಟ್ಟೆಯಿಡಲು ಹಸಿ ಮಣ್ಣನ್ನೇ ಹುಡುಕುತ್ತವೆ. ಬೇರು ತಿನ್ನುವ ಗೊಣ್ಣೆಹುಳುವಿನ ಕಾಟ ಶುರುವಾಗುವುದು ಅಲ್ಲಿಂದಲೇ.

ಹಾಗಾಗಿ ಟೈಮರನ್ನು ನಿಮಿಷದ ಲೆಕ್ಕದಲ್ಲಿ ಅಲ್ಲ, ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸಬೇಕು. ನೇರ ಗೋಡೆಯ ಆರೇಳು ಖಾಲಿ ಡಬ್ಬಗಳನ್ನು ಹುಲ್ಲಿನ ಮೇಲೆ ಅಲ್ಲಲ್ಲಿ ಇಡಿ. ಒಂದೆರಡು ಅಂಚಿನಲ್ಲೂ ಇರಲಿ. ಸ್ಪ್ರಿಂಕ್ಲರನ್ನು 30 ನಿಮಿಷ ಓಡಿಸಿ, ಪ್ರತಿ ಡಬ್ಬದ ನೀರನ್ನು ಸ್ಕೇಲಿನಿಂದ ಅಳೆದು ಸರಾಸರಿ ತೆಗೆಯಿರಿ. ಸರಾಸರಿ 5 ಮಿ.ಮೀ. ಬಂತು ಅಂದುಕೊಳ್ಳಿ. ಹುಲ್ಲಿಗೆ ವಾರಕ್ಕೆ ಮಳೆಯೂ ಸೇರಿ ಸುಮಾರು 25 ಮಿ.ಮೀ. ನೀರು ಬೇಕು. ಎರಡು ಸರದಿಯಲ್ಲಿ ಕೊಟ್ಟರೆ ಒಂದು ಸರದಿಗೆ 12.5 ಮಿ.ಮೀ., ಅಂದರೆ 75 ನಿಮಿಷ. ಒಣಗಾಳಿ, ಕಡುಬಿಸಿಲಿನ ವಾರಗಳಲ್ಲಿ ಮೂರನೆಯ ಸರದಿ ಸೇರಿಸಿ. ನಿಮಿಷ ಕಡಿಮೆ ಮಾಡಿ ದಿನ ಹೆಚ್ಚಿಸುವ ಆಸೆ ಬೇಡ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಎಂದರೆ ಒಂದು ಲೀಟರ್, ಆದ್ದರಿಂದ 60 ಚದರ ಮೀಟರ್ ಹುಲ್ಲಿಗೆ ವಾರಕ್ಕೆ 1500 ಲೀಟರ್. ಅಷ್ಟು ನೀರಿಲ್ಲದವರು ಹುಲ್ಲುಹಾಸನ್ನೇ ಚಿಕ್ಕದು ಮಾಡುವುದು ಮೇಲು.

ಜೇಡಿಮಣ್ಣಾದರೆ 75 ನಿಮಿಷ ಒಟ್ಟಿಗೆ ಬಿಡಬೇಡಿ, ನೀರು ಇಂಗುವ ಬದಲು ಅಂಚಿನಿಂದ ಹರಿದುಹೋಗುತ್ತದೆ. ಈ ಟೈಮರ್ ಒಂದೇ ದಿನದಲ್ಲಿ ನಾಲ್ಕು ಸಲ ಶುರುವಾಗಬಲ್ಲದು. ನನ್ನ ಮಟ್ಟಿಗೆ ಇದನ್ನು ಕೊಳ್ಳಲು ಮುಖ್ಯ ಕಾರಣ ಅದೇ. ಬೆಳಗಿನ ಜಾವ 4:00, 5:10, 6:20ಕ್ಕೆ ತಲಾ 25 ನಿಮಿಷ ಎಂದು ಹಾಕಿದರೆ ನಡುವೆ 45 ನಿಮಿಷ ಇಂಗಲು ಸಿಗುತ್ತದೆ, 6:45ಕ್ಕೆ ಕೆಲಸ ಮುಗಿದಿರುತ್ತದೆ. ಆ ಹೊತ್ತಿಗೆ ಗಾಳಿಯೂ ಕಡಿಮೆ, ಆವಿಯಾಗುವುದೂ ಕಡಿಮೆ, ಬಿಸಿಲು ಬಂದೊಡನೆ ಎಲೆ ಒಣಗುತ್ತದೆ. ಸಂಜೆ ನೀರು ಬಿಟ್ಟರೆ ಎಲೆ ರಾತ್ರಿಯಿಡೀ ಒದ್ದೆಯಾಗಿದ್ದು ದುಂಡನೆಯ ಕಂದು ಮಚ್ಚೆಯ ಶಿಲೀಂಧ್ರ ರೋಗಕ್ಕೆ ದಾರಿಯಾಗುತ್ತದೆ. ನೀರು ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಲು ಉದ್ದದ ಸ್ಕ್ರೂಡ್ರೈವರ್ ಸಾಕು. 15 ಸೆಂ.ಮೀ. ಸಲೀಸಾಗಿ ಇಳಿದರೆ ಸರಿ. ನಡುವೆಯೇ ತಡೆದು ನಿಂತರೆ ಅಲ್ಲಿಂದ ಕೆಳಗೆ ಒಣಗಿದೆ ಎಂದೇ ಲೆಕ್ಕ.

ಸ್ಪ್ರಿಂಕ್ಲರ್‌ಗೆ ಒಂದು ಅಂಕ ಕಡಿಮೆ ಕೊಟ್ಟದ್ದು ಸಮ ಹಂಚಿಕೆಯ ವಿಷಯದಲ್ಲಿ. ತೂಗಾಡುವ ಕೊಳವೆ ಎರಡೂ ತುದಿಯಲ್ಲಿ ತಿರುಗುವ ಮುನ್ನ ಕ್ಷಣಕಾಲ ನಿಲ್ಲುತ್ತದೆ, ಹಾಗಾಗಿ ಅಂಚಿನ ಡಬ್ಬಕ್ಕೆ ನಡುವಿನದಕ್ಕಿಂತ ಹೆಚ್ಚು ನೀರು ಬೀಳುತ್ತದೆ. ಎರಡನೆಯ ಜಾಗಕ್ಕೆ ಸರಿಸುವಾಗ ಅಂಚಿನ ಮೇಲೆ ಅಂಚು ಬರದಂತೆ ಇಟ್ಟರೆ ಇದು ತಕ್ಕಮಟ್ಟಿಗೆ ಸರಿಹೋಗುತ್ತದೆ. ಗಡಸು ನೀರಿದ್ದರೆ ರಂಧ್ರಗಳಲ್ಲಿ ಬಿಳಿ ಪುಡಿ ಕಟ್ಟಿಕೊಂಡು ಒಂದೊಂದು ಧಾರೆ ಓರೆಯಾಗಿ ಚಿಮ್ಮುತ್ತದೆ. ಸ್ಪ್ರಿಂಕ್ಲರ್ ಜೊತೆಗೇ ಬರುವ ಸೂಜಿಯಿಂದ ಚುಚ್ಚಿ, ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿದರೆ ಬಿಡುತ್ತದೆ. ಕೊಳವೆ ತೂಗುವುದನ್ನೇ ನಿಲ್ಲಿಸಿದರೆ ಗೇರ್ ಕೆಟ್ಟಿತು ಎಂದು ಎಸೆಯಬೇಡಿ. ಹೆಚ್ಚಿನ ಸಲ ಕಾರಣ ಒತ್ತಡ ಸಾಲದಿರುವುದು, ಇಲ್ಲವೇ ಟೈಮರ್‌ನ ಬಾಯಲ್ಲಿರುವ ಪುಟ್ಟ ಜರಡಿಗೆ ಮರಳು ತುಂಬಿರುವುದು.

ಟೈಮರ್ ಸರಿಯಾಗಿ ಓಡುತ್ತಿದ್ದೂ ಹುಲ್ಲು ಹಳದಿಯಾಗುತ್ತಿದ್ದರೆ ನಿಮಿಷ ಹೆಚ್ಚಿಸುವ ಮುನ್ನ ಮಂಡಿಯೂರಿ ನೋಡಿ. ನೀರಿನ ಕೊರತೆಯಾದರೆ ಹುಲ್ಲು ಮೊದಲು ಬೂದುನೀಲಿಗೆ ತಿರುಗುತ್ತದೆ, ಎಲೆ ಮಡಚಿಕೊಳ್ಳುತ್ತದೆ, ನಡೆದ ಹೆಜ್ಜೆಯ ಗುರುತು ಏಳದೆ ಹಾಗೇ ಉಳಿಯುತ್ತದೆ. ನೀರು ಕೊಟ್ಟ ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳುತ್ತದೆ. ಚೇತರಿಸದಿದ್ದರೆ ಹುಳುವನ್ನು ಹುಡುಕಬೇಕು.

ಗೊಣ್ಣೆಹುಳುವಾದರೆ ಹುಲ್ಲು ಹಿಡಿದೆಳೆದಾಗ ಚಾಪೆಯಂತೆ ಎದ್ದು ಬರುತ್ತದೆ, ಕೆಳಗೆ ಬೇರೇ ಇರುವುದಿಲ್ಲ. ಖಚಿತಕ್ಕೆ ಹಸಿರು ಮತ್ತು ಹಳದಿ ಸೇರುವ ಗಡಿಯಲ್ಲಿ 30×30 ಸೆಂ.ಮೀ. ಚೌಕವನ್ನು ಮೂರು ಬದಿ ಕೊಯ್ದು, 7 ಸೆಂ.ಮೀ. ಆಳಕ್ಕೆ ಮಗುಚಿ. ಕಂದು ತಲೆಯ, ಕೊಕ್ಕೆಯಂತೆ ಬಾಗಿದ ಬಿಳಿ ಹುಳು ಎರಡು ಮೂರಿದ್ದರೆ ಗಟ್ಟಿ ಬೇರಿನ ಹುಲ್ಲು ತಾಳಿಕೊಳ್ಳುತ್ತದೆ. ಹತ್ತು ದಾಟಿದರೆ ಉಪಚಾರ ಬೇಕೇ ಬೇಕು. ನೋಡಿ ಮುಗಿದ ಮೇಲೆ ಆ ಚೌಕವನ್ನು ಮುಚ್ಚಿ, ಒತ್ತಿ, ನೀರು ಹಾಕಿ. ಮತ್ತೆ ಹತ್ತಿಕೊಳ್ಳುತ್ತದೆ.

ರಾತ್ರಿ ಎಲೆ ಮೇಯುವ ಸೈನಿಕ ಹುಳುವಿಗೆ ಸೋಪಿನ ಪರೀಕ್ಷೆ. 4 ಲೀಟರ್ ನೀರಿಗೆ 30 ಮಿ.ಲೀ. ಪಾತ್ರೆ ತೊಳೆಯುವ ದ್ರವ ಬೆರೆಸಿ ಒಂದು ಚದರ ಮೀಟರ್ ಜಾಗಕ್ಕೆ ಸುರಿದರೆ ಹತ್ತು ನಿಮಿಷದೊಳಗೆ ಮೇಲೆ ಬರುತ್ತದೆ. ರಸ ಹೀರುವ ಚಿಂಚ್ ತಿಗಣೆ ಕಾಣಿಸುವುದು ಬಿಸಿಲು ಹೆಚ್ಚಿರುವ ಕಡೆ, ಕಾಂಕ್ರೀಟಿನ ಪಕ್ಕದಲ್ಲಿ. ಎರಡೂ ಬದಿ ತೆರೆದ ಡಬ್ಬವನ್ನು ಗಡಿಯ ಹುಲ್ಲಿನಲ್ಲಿ 5 ಸೆಂ.ಮೀ. ಒತ್ತಿ, ನೀರು ತುಂಬಿಸಿ. ಕಪ್ಪು ಮೈ, ಬೆನ್ನ ಮೇಲೆ ಮಡಚಿದ ಬಿಳಿ ರೆಕ್ಕೆಯ ಸಣ್ಣ ಕೀಟ ತೇಲಿದರೆ ಅದೇ.

ಇಲ್ಲಿ ಟೈಮರ್‌ನ ‘ಮಳೆ ವಿರಾಮ’ ಗುಂಡಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಸೈನಿಕ ಹುಳುವಿನ ಎಳೆಯ ಮರಿಗಳಿಗೆ ಬಿ.ಟಿ. ಎಂಬ, ಹುಳು ಕೊಲ್ಲುವ ಬ್ಯಾಕ್ಟೀರಿಯಾದ ಜೈವಿಕ ಪುಡಿಯನ್ನು ಸಂಜೆ ಸಿಂಪಡಿಸಿದಾಗ ಅದು ಎಲೆಯ ಮೇಲೇ ಉಳಿಯಬೇಕು. ಗುಂಡಿ ಒತ್ತಿ ಬೆಳಗಿನ ಸರದಿಯನ್ನು ತಡೆಯದಿದ್ದರೆ ಔಷಧಿ ಪೂರಾ ತೊಳೆದುಹೋಗುತ್ತದೆ. ಗೊಣ್ಣೆಹುಳುವನ್ನು ಕೊಲ್ಲಲು ಮಣ್ಣಿಗೆ ಬಿಡುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳಾದ ನೆಮಟೋಡ್‌ಗಳದು ತದ್ವಿರುದ್ಧ. ಹೆಟೆರೊರಾಬ್ಡಿಟಿಸ್ ಜಾತಿಯದನ್ನು ಕೇಳಿ ತನ್ನಿ, ಹಸಿ ಮಣ್ಣಿಗೆ ಬಿಸಿಲು ಇಳಿದ ಮೇಲೆ ಹಾಕಿ, ಕೂಡಲೇ ನೀರು ಬಿಟ್ಟು ಕೆಳಗಿಳಿಸಿ. ಬಿಸಿಲು ಬಿದ್ದರೂ ಮಣ್ಣು ಒಣಗಿದರೂ ಅವು ಸಾಯುತ್ತವೆ, ಆದ್ದರಿಂದ ಮುಂದಿನ ಎರಡು ವಾರ ಮಾತ್ರ ದಿನಾ ಚಿಕ್ಕ ಸರದಿ ಇಡಬಹುದು. ಸಿಂಪಡಿಸುವ ಮುನ್ನ ಸ್ಪ್ರೇಯರ್‌ನ ಸಣ್ಣ ಕಣ್ಣಿನ ಜರಡಿ ತೆಗೆಯಿರಿ, ಇಲ್ಲದಿದ್ದರೆ ಅವು ಅಲ್ಲೇ ಸಿಕ್ಕಿಬೀಳುತ್ತವೆ. ಮರಿಹುಳುಗಳು ಚಿಕ್ಕವಿದ್ದಾಗಷ್ಟೇ ಈ ಉಪಾಯ ಚೆನ್ನಾಗಿ ಹಿಡಿಯುತ್ತದೆ.

ಕತ್ತರಿಸುವ ವಿಷಯದಲ್ಲಿ ಇಷ್ಟು ಸಾಕು: ಬೇಸಿಗೆಯಲ್ಲಿ ಎತ್ತರ ಒಂದು ಹಂತ ಹೆಚ್ಚಿಸಿ, ಒಮ್ಮೆಗೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ, ಬ್ಲೇಡ್ ಹರಿತವಾಗಿರಲಿ. ಬಾಡಿದ ಹುಲ್ಲಿಗೆ ಸಾರಜನಕ ಗೊಬ್ಬರ ಹಾಕಬೇಡಿ, ಚಿಂಚ್ ತಿಗಣೆಗೆ ಮೆತ್ತನೆಯ ಹೊಸ ಚಿಗುರು ಬಡಿಸಿದಂತಾಗುತ್ತದೆ.

ಟೈಮರ್‌ನ ಒಂದು ದೊಡ್ಡ ಕೊರತೆ ಹೇಳಲೇಬೇಕು. ಕವಾಟ ತೆರೆದಿರುವಾಗ ಬ್ಯಾಟರಿ ಸತ್ತರೆ ಅದು ತಾನಾಗಿ ಮುಚ್ಚುವುದಿಲ್ಲ, ನೀರು ಹರಿಯುತ್ತಲೇ ಇರುತ್ತದೆ. ರೀಚಾರ್ಜ್ ಸೆಲ್‌ಗಳು 1.2 ವೋಲ್ಟ್ ಮಾತ್ರ ಕೊಡುವುದರಿಂದ ಈ ಅಪಾಯ ಹೆಚ್ಚು, 1.5 ವೋಲ್ಟ್‌ನ ಆಲ್ಕಲೈನ್ ಸೆಲ್‌ಗಳನ್ನೇ ಹಾಕಿ. ಬೇಸಿಗೆ ಶುರುವಾಗುವ ಮುನ್ನ ಹೊಸದು ಹಾಕಿ, ಸೀಸನ್ ಮುಗಿದಾಗ ತೆಗೆದಿಡಿ. ನೀರು ಹೆಪ್ಪುಗಟ್ಟುವಷ್ಟು ಚಳಿಯಿದ್ದರೆ ಟೈಮರನ್ನೇ ಬಿಚ್ಚಿ ಒಳಗಿಡಿ.

ಕೊಳ್ಳುವ ಮುನ್ನ ನಿಮ್ಮ ನೀರಿನ ಒತ್ತಡ ನೋಡಿಕೊಳ್ಳಿ. 10 ಮೀಟರ್ ಎತ್ತರದ ಟ್ಯಾಂಕ್ ಕೊಡುವುದು ಸುಮಾರು 1 ಬಾರ್. ಈ ಮಾದರಿಯ ಕವಾಟ ಸರಿಯಾಗಿ ಮುಚ್ಚಲು 0.5 ಬಾರ್ ಬೇಕು, ಸ್ಪ್ರಿಂಕ್ಲರ್ ಪೂರ್ತಿ ಅಗಲಕ್ಕೆ ತೂಗಲು ಸುಮಾರು 2 ಬಾರ್. ತಗ್ಗಿನ ಟ್ಯಾಂಕಿನಿಂದ ನೇರವಾಗಿ ನೀರು ಬಿಡುವವರು ಒತ್ತಡವಿಲ್ಲದೆಯೂ ಮುಚ್ಚುವ ಬಾಲ್ ವಾಲ್ವ್ ಟೈಮರ್ ತೆಗೆದುಕೊಳ್ಳಿ. ಸ್ಪ್ರಿಂಕ್ಲರ್‌ಗೆ ಪಂಪ್ ಬೇಕಾಗುತ್ತದೆ.