ಸೂಪರ್‌ಮ್ಯಾನ್ ಡ್ರೆಸ್ಸಿಗೆ ಎರಡು ಸ್ಟಾರ್, ಚಡ್ಡಿ ಹೊಲಿದ ಟೈಲರಿಗೆ ಐದು

ಕಾಫಿ ತೋಟದಲ್ಲಿ ರೈಟರ್ ಕೆಲಸ ನನ್ನದು. ಆಳುಗಳ ಹಾಜರಿ, ಚೀಲದ ಲೆಕ್ಕ ಬರೆದು ಬರೆದು ಅದೇ ಚಾಳಿಯಾಗಿದೆ, ಹಾಗಾಗಿ ಲೆಕ್ಕದಿಂದಲೇ ಶುರು ಮಾಡ್ತೇನೆ. ಆನ್‌ಲೈನಲ್ಲಿ ತರಿಸಿದ ಸೂಪರ್‌ಮ್ಯಾನ್ ಡ್ರೆಸ್, ಏಳೆಂಟು ವರ್ಷದ ಮಕ್ಕಳ ಅಳತೆ, 849 ರೂಪಾಯಿ. ಕೆಂಪು ಸ್ಯಾಟಿನ್ ಬಟ್ಟೆ, 90. ಮಹದೇವಪೇಟೆಯ ಟೈಲರಿಗೆ ಕೂಲಿ, 180. ಇದರಲ್ಲಿ ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅನ್ನಿಸಿದ್ದು ಕೊನೆಯದೊಂದೇ.

2025ರ ಜುಲೈಯಲ್ಲಿ ಹೊಸ ಸೂಪರ್‌ಮ್ಯಾನ್ ಸಿನಿಮಾ ಬಂದದ್ದೇ ತಡ, ಮಡಿಕೇರಿ ಮಕ್ಕಳ ದಸರಾದ ಛದ್ಮವೇಷಕ್ಕೆ ತಾನು ಅವನೇ ಆಗೋದು ಅಂತ ಮಗ ತೀರ್ಮಾನ ಮಾಡಿಬಿಟ್ಟ. ಹಿಂದಿನ ವರ್ಷ ತರಕಾರಿ ಮಾರುವವನಾಗಿದ್ದ. ಬುಟ್ಟಿ, ಟವೆಲು, ಎರಡು ಕಟ್ಟು ಸೊಪ್ಪು, ಖರ್ಚೇ ಇರಲಿಲ್ಲ.

ಮಾರುವವರು ಹಾಕಿದ್ದ ಫೋಟೋದಲ್ಲಿ ಕೆಂಪು ಚಡ್ಡಿ ಇತ್ತು. ಪ್ಯಾಕೆಟ್ ಒಡೆದರೆ ಇಲ್ಲ. ಕುತ್ತಿಗೆಯಿಂದ ಪಾದದವರೆಗೆ ಒಂದೇ ನೀಲಿ, ನಡುವಿನಲ್ಲಿ ಹಳದಿ ಬೆಲ್ಟಿನದೊಂದು ಪ್ರಿಂಟು. ಮಗ ಕವರನ್ನು ತಲೆಕೆಳಗೆ ಮಾಡಿ ಕೊಡವಿದ. "ಅಪ್ಪಾ, ಚಡ್ಡಿ ಅವರ ಹತ್ರನೇ ಉಳೀತಾ?" ಅಂತ ಕೇಳಿದ. ದೂರು ಕೊಟ್ಟೆ. "ವಿನ್ಯಾಸದಲ್ಲಿ ಸಣ್ಣ ವ್ಯತ್ಯಾಸ ಇರಬಹುದು" ಅಂತ ಉತ್ತರ ಬಂತು. ವಾಪಸ್ ಕಳಿಸಿ ಬೇರೆ ತರಿಸುವಷ್ಟರಲ್ಲಿ ದಸರಾದ ಕೊನೆ ರಾತ್ರಿಯ ಮೆರವಣಿಗೆಯ ದಶಮಂಟಪಗಳೇ ಹೊರಟು ಹೋಗಿರ್ತಾವೆ.

ಆ ಭಾನುವಾರ ವಿರಾಜಪೇಟೆಯಿಂದ ಅಕ್ಕ, ಭಾವ ಬಂದಿದ್ದರು, ಮಂಗಳೂರಲ್ಲಿ ಓದುವ ಅವರ ಮಗಳೂ ಜೊತೆಗೆ. ಹೊರಗೆ ಜಡಿಮಳೆ, ಕರೆಂಟಿಲ್ಲ, ಮಾತಿಗೆ ಬೇರೆ ವಿಷಯವೂ ಇರಲಿಲ್ಲ. ಭಾವ ಡ್ರೆಸ್ಸನ್ನು ಎತ್ತಿ ಹಿಡಿದು, "ಒಳ್ಳೇದೇ ಆಯ್ತಲ್ಲ ಮಾರಾಯ. ಒಳಗಿರಬೇಕಾದ್ದು ಕೊನೆಗೂ ಒಳಗೆ ಹೋಯ್ತು" ಅಂದರು. ಅಷ್ಟು ಸಾಕಾಯ್ತು, ಮಗಳು ಅಪ್ಪನ ಮೇಲೆ ಬಿದ್ದಳು.

"ಅದು ಒಳಚಡ್ಡಿ ಅಲ್ಲ ಪಪ್ಪಾ. ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ. ಇಬ್ಬರು ಹುಡುಗರು, ಜೆರ್ರಿ ಸೀಗಲ್ ಕಥೆ ಬರೆದದ್ದು, ಜೋ ಶುಸ್ಟರ್ ಚಿತ್ರ ಬರೆದದ್ದು. ಆಗ ಬಲಶಾಲಿ ಅಂದ್ರೆ ಸರ್ಕಸ್ಸಿನವರು, ಕುಸ್ತಿಯವರು. ಅವರು ಮೈಗಂಟಿದ ಬಟ್ಟೆ ಮೇಲೆ ಚಡ್ಡಿ ಹಾಕ್ತಿದ್ರು. ಅದನ್ನೇ ಇವನಿಗೂ ಹಾಕಿದ್ರು." ಅದಕ್ಕೂ ಎರಡು ವರ್ಷ ಮುಂಚೆ ಬಂದ ಫ್ಯಾಂಟಮ್‌ನಿಗೆ ಪಟ್ಟೆಪಟ್ಟೆ ಚಡ್ಡಿ ಇತ್ತಲ್ಲ, ಅದಕ್ಕೆ ಯಾರೂ ಏನೂ ಅನ್ನಲಿಲ್ಲ ಅಂತ ನಾನೂ ಒಗ್ಗರಣೆ ಹಾಕಿದೆ.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಚಿಕ್ಕವರಿದ್ದಾಗ ಅಜ್ಜನ ಜೊತೆ ಮಾಕುಟ್ಟ ಘಾಟಿ ಇಳಿದು ತಲಚೇರಿಗೆ ಹೋಗಿ ಸರ್ಕಸ್ ನೋಡಿದ್ದು ನೆನಪಾಯ್ತು ಅವರಿಗೆ. ಭಾರತದ ಸರ್ಕಸ್ಸಿಗೆ ತವರೇ ಆ ಊರು. "ಹೌದು, ಗುಂಡು ಎತ್ತುವವನಿಗೆ ಮೇಲೊಂದು ಮಿರಿಮಿರಿ ಚಡ್ಡಿ ಇತ್ತು. ಆದ್ರೆ ಅವನು ಸರ್ಕಸ್ಸಿನವನು. ಇವನು ಲೋಕ ಉಳಿಸೋನಲ್ವಾ? ಮರ್ಯಾದೆ ಬೇಡ್ವಾ?"

ಈ ಮರ್ಯಾದೆ ವಾದ ಭಾವನೊಬ್ಬರದ್ದಲ್ಲವಂತೆ. 2011ರಲ್ಲಿ ಸೂಪರ್‌ಮ್ಯಾನ್ ಕಾಮಿಕ್ಸ್ ಹೊರತರುವ ಡಿಸಿ ಕಂಪನಿ ತನ್ನ ಕಥೆಗಳನ್ನೆಲ್ಲ ಹೊಸದಾಗಿ ಶುರು ಮಾಡಿದಾಗ ಜಿಮ್ ಲೀ ಎಂಬ ಕಲಾವಿದ ಚಡ್ಡಿ ಕಿತ್ತು, ಕಾಲರ್ ಎತ್ತರಿಸಿ, ಉಡುಪಿಗೆ ಕವಚದ ಗೆರೆ ಎಳೆದ. 2013ರ ಸಿನಿಮಾದಲ್ಲಿ ಹೆನ್ರಿ ಕ್ಯಾವಿಲ್‌ಗೂ ಚಡ್ಡಿ ಇರಲಿಲ್ಲ. ಅಭಿಮಾನಿಗಳು ಎರಡು ಪಂಗಡವಾಗಿ ಕಿತ್ತಾಡಿದರು. 2018ರಲ್ಲಿ, ಸೂಪರ್‌ಮ್ಯಾನ್ ಕಥೆ ಬರುವ ಆ್ಯಕ್ಷನ್ ಕಾಮಿಕ್ಸ್‌ನ ಸಾವಿರನೇ ಸಂಚಿಕೆಗೆ ಚಡ್ಡಿ ವಾಪಸ್ ಬಂತು. 2025ರ ಸಿನಿಮಾದ ನಿರ್ದೇಶಕ ಜೇಮ್ಸ್ ಗನ್ ಕೂಡ ಬೇಕೋ ಬೇಡವೋ ಅಂತ ತೂಗಾಡುತ್ತಿದ್ದನಂತೆ. ಒಪ್ಪಿಸಿದ್ದು ನಾಯಕ ನಟ ಡೇವಿಡ್ ಕೊರೆನ್‌ಸ್ವೆಟ್: ಬೇರೆ ಗ್ರಹದಿಂದ ಬಂದು ಕಣ್ಣಿಂದ ಬೆಂಕಿ ಕಾರುವವನು, ತನ್ನನ್ನು ನೋಡಿ ಮಕ್ಕಳು ಹೆದರಬಾರದು ಅಂತ ಬಯಸುವವನು, ಅದಕ್ಕೇ ಆ ಚಡ್ಡಿ ಅಂತ. ಇದನ್ನು ಕೇಳಿ ನನ್ನ ಅಮ್ಮ ಒಳಗಿನಿಂದಲೇ, "ಹೆದರೋದೆಲ್ಲಿಂದ, ನಗ್ತಾವೆ ಮಕ್ಕಳು" ಅಂದರು.

ಸೋಮವಾರ ಡ್ರೆಸ್ ಹಿಡಿದು ಮಹದೇವಪೇಟೆಗೆ ಹೋದೆ. ಟೈಲರ್ ಅಂಗಡಿ ಅಂದ್ರೆ ಎರಡು ಮಿಷನ್, ಒಂದು ಬೆಂಚು, ಗೋಡೆಗೆ ನೇತುಹಾಕಿದ ನಾಲ್ಕೈದು ಕುಪ್ಯ (ಕೊಡವ ಗಂಡಸರ ಉದ್ದ ಕೋಟು), ಅಷ್ಟೇ. ಅವರು ಸೂಪರ್‌ಮ್ಯಾನ್ ಸಿನಿಮಾ ನೋಡಿದವರಲ್ಲ. ಡ್ರೆಸ್ಸನ್ನು ಮೇಜಿನ ಮೇಲೆ ಹಾಸಿ, ಕನ್ನಡಕ ಮೇಲೇರಿಸಿ, ಸೊಂಟದ ಹತ್ರ ಚಾಕ್ ಇಟ್ಟು, "ಇದಕ್ಕೆ ನಡುವೇ ಇಲ್ವಲ್ಲ ಸರ್" ಅಂದರು. ಆಮೇಲೆ ಗೋಡೆ ಕಡೆ ಕೈ ತೋರಿಸಿ, "ಕುಪ್ಯ ನೋಡಿ. ಮೇಲಿಂದ ಮೊಣಕಾಲ ತನಕ ಕರಿ. ಹಾಗೇ ಹಾಕಿದ್ರೆ ವಕೀಲರ ಕೋಟಿನ ಹಾಗೆ. ಸೊಂಟಕ್ಕೆ ಕೆಂಪು ಚೇಲೆ ಸುತ್ತಿ ಪೀಚೆಕತ್ತಿ ಸಿಕ್ಕಿಸಿದ ಮೇಲೇ ಅಲ್ವಾ ಆಳು ಎದ್ದು ನಿಲ್ಲೋದು?"

ರಾತ್ರಿಯಿಡೀ ಎಳೆದಾಡಿದ ವಾದಕ್ಕೆ ಅರ್ಧ ನಿಮಿಷದಲ್ಲಿ ಉತ್ತರ ಸಿಕ್ಕಿತು. ಮರ್ಯಾದೆಯೂ ಅಲ್ಲ, ಸರ್ಕಸ್ಸೂ ಅಲ್ಲ, ನೀಲಿಯನ್ನು ನಡುವೆ ಕಡಿಯಲು ಅಲ್ಲೊಂದು ಕೆಂಪು ಬೇಕು. ಅದಿಲ್ಲದಿದ್ದರೆ ನನ್ನ ಮಗ ಪೆಟ್ರೋಲ್ ಬಂಕಿನ ಹುಡುಗನ ಹಾಗೆ ಕಾಣುತ್ತಿದ್ದ.

ಇನ್ನು ಹೊಲಿಗೆ. ಸ್ಯಾಟಿನ್ ಜಾರುತ್ತದೆ ಅಂತ ಒಳಗೆ ಹತ್ತಿ ಬಟ್ಟೆಯ ಅಸ್ತರಿ ಕೊಟ್ಟರು. ಸೊಂಟಕ್ಕೆ ಎಲಾಸ್ಟಿಕ್. ಚಡ್ಡಿಯನ್ನು ಡ್ರೆಸ್ಸಿಗೆ ಸೇರಿಸಿ ಹೊಲಿಯಲೇ ಇಲ್ಲ, ಎರಡೂ ಬದಿಗೆ ಟಿಚ್ ಬಟನ್ ಇಟ್ಟರು. ಯಾಕಂದ್ರೆ ಈ ಡ್ರೆಸ್ಸಿನ ಜಿಪ್ ಇರುವುದು ಬೆನ್ನಿಗೆ. ಒಂದಕ್ಕೆ ಹೋಗಬೇಕಾದರೆ ಮಗು ಪೂರ್ತಿ ಬಿಚ್ಚಬೇಕು! ಮಕ್ಕಳಿರುವ ಮನೆಯವರು ಯಾರೂ ಹೀಗೆ ಹೊಲಿಯುವುದಿಲ್ಲ. ಟೈಲರ್ ಮುಂದೆಯೂ ಒಂದು ಸಣ್ಣ ಜಿಪ್ ಕೂರಿಸಿ, ಅದು ಚಡ್ಡಿಯ ಅಡಿಗೆ ಮರೆಯಾಗುವ ಹಾಗೆ ಮಾಡಿದರು. ಮೇಲೆ ಚಡ್ಡಿ ಇರುವುದರ ಇನ್ನೊಂದು ಉಪಯೋಗ ಇದು, ಡಿಸಿ ಕಂಪನಿಯವರಿಗೂ ಹೊಳೆದಿರಲಿಕ್ಕಿಲ್ಲ.

ಡ್ರೆಸ್ಸಿನ ಬಗ್ಗೆ ಉಳಿದದ್ದು ಬೇಗ ಹೇಳಿಬಿಡ್ತೇನೆ. ಪಾಲಿಯೆಸ್ಟರ್ ಬಟ್ಟೆ, ನಮ್ಮ ಚಳಿಗೆ ಬೆಚ್ಚಗೆ, ಒಗೆದರೆ ಬೇಗ ಒಣಗುತ್ತದೆ. ಆದರೆ ಎದೆ, ತೋಳಿನ ಮಾಂಸಖಂಡ ಕಾಣಲಿ ಅಂತ ಒಳಗೆ ಸ್ಪಂಜು ತುಂಬಿದ್ದಾರೆ. ಇದು ಬಿಸಿಲಿರುವ ಊರಿಗೆ ಮಾಡಿದ್ದು. ಒಮ್ಮೆ ನೆನೆದರೆ ಮುಗಿಯಿತು, ಬಚ್ಚಲ ಒಲೆಯ ಮೇಲೆ ನಾಲ್ಕು ದಿನ ನೇತುಹಾಕಿದರೂ ಹಿಂಡಿದಾಗ ನೀರು. ಐದನೇ ದಿನ ಎಡತೋಳಿಗೆ ಬೂಸ್ಟು ಬಂತು. ಹೊಲಿಗೆ ಬಿಚ್ಚಿ ಸ್ಪಂಜೆಲ್ಲ ತೆಗೆದು ಬಿಸಾಡಿದೆ. ಎದೆಯ ಎಸ್ ಅಕ್ಷರದ ಮೂಲೆ ಮೊದಲ ಒಗೆತಕ್ಕೇ ಎದ್ದಿತು, ಫೆವಿಕಾಲ್ ನಿಲ್ಲಲಿಲ್ಲ, ಕೊನೆಗೆ ಅಮ್ಮ ಸೂಜಿ ದಾರದಲ್ಲಿ ಹಿಡಿದರು. ಬೆನ್ನಿನ ಕೆಂಪು ಬಟ್ಟೆಗೆ ವೆಲ್ಕ್ರೋ ಇದೆ, ಅದೊಂದು ಚೆನ್ನಾಗಿದೆ. ಬೇಕೇ ಬೇಕು ಅನ್ನುವವರು ಒಂದು ಸೈಜು ದೊಡ್ಡದು ತರಿಸಿ.

ಛದ್ಮವೇಷದ ದಿನ ಗಾಂಧಿ ಮೈದಾನದಲ್ಲಿ ಇನ್ನೂ ಇಬ್ಬರು ಸೂಪರ್‌ಮ್ಯಾನ್ ಇದ್ದರು. ಇಬ್ಬರದ್ದೂ ಇದೇ ಡ್ರೆಸ್, ಚಡ್ಡಿ ಇಲ್ಲ. ಬಹುಮಾನ ಒಬ್ಬ ಪುಟ್ಟ ಜೇನುಕೃಷಿಕನ ಪಾಲಾಯ್ತು, ಅವನು ನಿಜವಾದ ಜೇನುಪೆಟ್ಟಿಗೆ ಹೊತ್ತು ತಂದಿದ್ದ. ನನ್ನ ಮಗ ವೇದಿಕೆ ಇಳಿದು ಬರುವಾಗ ಆ ಇಬ್ಬರಲ್ಲಿ ಒಬ್ಬನ ತಾಯಿ ನನ್ನ ಹತ್ರ ಬಂದು ಮೆಲ್ಲಗೆ, "ಈ ಚಡ್ಡಿ ಎಲ್ಲಿ ಸಿಕ್ತು?" ಅಂತ ಕೇಳಿದರು. ಅಂಗಡಿಯ ದಾರಿ ಹೇಳಿದೆ. ಮದುವೆ ಸೀಸನ್ ಶುರುವಾಗುವ ಮೊದಲೇ ಹೋಗಿ ಅಂತಲೂ ಹೇಳಿದೆ, ಆಮೇಲೆ ಅವರಿಗೆ ಕುಪ್ಯ ಹೊಲಿದು ಮುಗಿಯುವುದಿಲ್ಲ.