ಐರನ್ ಲೀಜನ್: ಬಣ್ಣದ ಪ್ರತಿಯೋ, ಕಪ್ಪು ಬಿಳುಪೋ?

ಮೊದಲೇ ಹೇಳಿಬಿಡುತ್ತೇನೆ: ‘ಡಾಕ್ಟರ್ ಹೂ’ ಚಿತ್ರಕಥೆ ‘ದಿ ಐರನ್ ಲೀಜನ್’ ಓದುವ ಆಸೆಯಿದ್ದರೆ ಪಾನಿನಿ ಪ್ರಕಾಶನ 2004ರಲ್ಲಿ ತಂದ ದೊಡ್ಡ ಅಳತೆಯ ಕಪ್ಪು ಬಿಳುಪು ಸಂಕಲನವನ್ನೇ ಕೊಳ್ಳಿ. ಅಮೆರಿಕದಲ್ಲಿ ಬಣ್ಣ ತುಂಬಿ ಮರುಮುದ್ರಿಸಿದ ಪ್ರತಿಯೂ ನನ್ನಲ್ಲಿದೆ. ಅದು ಈಗ ಕಪಾಟಿನ ಹಿಂದಿನ ಸಾಲು ಸೇರಿದೆ.

‘ಡಾಕ್ಟರ್ ಹೂ’ ಬಿಬಿಸಿಯ ವಿಜ್ಞಾನ ಕಲ್ಪನೆಯ ಧಾರಾವಾಹಿ, ಡಾಕ್ಟರ್ ಅದರ ನಾಯಕ. ಅದರ ಹೆಸರಿನ ವಾರಪತ್ರಿಕೆ ಬ್ರಿಟನ್ನಿನಲ್ಲಿ 1979ರ ಅಕ್ಟೋಬರಿನಲ್ಲಿ ಶುರುವಾದಾಗ ಮೊದಲ ಎಂಟು ಸಂಚಿಕೆಗಳಲ್ಲಿ ಬಂದ ಚಿತ್ರಕಥೆ ಇದು. ಬರೆದವರು ಪ್ಯಾಟ್ ಮಿಲ್ಸ್ ಮತ್ತು ಜಾನ್ ವ್ಯಾಗ್ನರ್, ಚಿತ್ರ ಡೇವ್ ಗಿಬ್ಬನ್ಸ್ ಅವರದು. ರೋಮ್ ಪತನವಾಗದೇ ಉಳಿದ ಇನ್ನೊಂದು ಭೂಮಿಯಿಂದ ಯಂತ್ರಸೈನಿಕರು ಇಂಗ್ಲೆಂಡಿನ ಹಳ್ಳಿಯೊಂದಕ್ಕೆ ನುಗ್ಗುತ್ತಾರೆ. ಎದುರಿಗೆ ಉದ್ದ ಮಫ್ಲರಿನ ಡಾಕ್ಟರ್, ಆಗ ಕಿರುತೆರೆಯಲ್ಲಿ ಆ ಪಾತ್ರ ಮಾಡುತ್ತಿದ್ದ ಟಾಮ್ ಬೇಕರ್ ಅವರದೇ ಥೇಟ್ ಮುಖ. ಕಿರುತೆರೆಯ ಸ್ಟುಡಿಯೋದಲ್ಲಿ ಇಂಥ ದಂಡನ್ನು ನಿಲ್ಲಿಸುವ ದುಡ್ಡು ಯಾರ ಬಳಿಯಿತ್ತು? ಶಾಯಿಗೆ ಆ ಚಿಂತೆಯಿಲ್ಲ. ಗಿಬ್ಬನ್ಸ್ ಸಾಲುಸಾಲು ಲೋಹದ ಸೈನಿಕರನ್ನು ಬರೆದುಬಿಟ್ಟರು.

ನನ್ನ ತಕರಾರು ಇರುವುದು ಇಲ್ಲಿಯೇ. ವಾರಪತ್ರಿಕೆಯ ಪುಟ ಹೆಚ್ಚುಕಡಿಮೆ ಎ4 ಅಳತೆಯದು. ಅಮೆರಿಕದ ಕಾಮಿಕ್ಸ್ ಪುಟ ಸುಮಾರು 17 ಸೆಂಟಿಮೀಟರ್ ಅಗಲ, 26 ಸೆಂಟಿಮೀಟರ್ ಎತ್ತರ. ದೊಡ್ಡ ಪುಟವನ್ನು ಚಿಕ್ಕದರಲ್ಲಿ ಕೂರಿಸಿದಾಗ ಚಿತ್ರದ ವಿಸ್ತೀರ್ಣದಲ್ಲಿ ಮೂರನೆಯ ಒಂದು ಪಾಲು ಹೋಗಿಬಿಡುತ್ತದೆ. ಹಿಂದಿನ ಸಾಲಿನ ಸೈನಿಕರು ಚುಕ್ಕಿಗಳಾಗುತ್ತಾರೆ. ಮಾತಿನ ಗುಳ್ಳೆಗಳೊಳಗಿನ ಅಕ್ಷರಗಳನ್ನು ಓದಲು ಪುಸ್ತಕವನ್ನು ಮೂಗಿನ ಹತ್ತಿರ ತರಬೇಕು. ಮಿಲ್ಸ್ ಮತ್ತು ವ್ಯಾಗ್ನರ್ ಪಾತ್ರಗಳು ಸಾಯುವಾಗಲೂ ಮಾತು ನಿಲ್ಲಿಸುವವರಲ್ಲ, ಹಾಗಾಗಿ ಓದುವುದಕ್ಕೆ ಸಾಕಷ್ಟಿರುತ್ತದೆ.

ಅದರ ಮೇಲೆ ಬಣ್ಣ. ಗಿಬ್ಬನ್ಸ್ ಬರೆದದ್ದು ಕಪ್ಪು ಬಿಳುಪು ಮುದ್ರಣಕ್ಕಾಗಿ. ನೆರಳು ಎಲ್ಲಿ, ಲೋಹದ ಹೊಳಪು ಎಲ್ಲಿ ಎಂಬುದನ್ನೆಲ್ಲ ಅವರು ಕರಿ ಶಾಯಿಯಲ್ಲಿ, ಒತ್ತೊತ್ತಾದ ಗೀರುಗಳಲ್ಲಿ ಆಗಲೇ ತೀರ್ಮಾನಿಸಿದ್ದಾರೆ. ದಶಕಗಳ ನಂತರ ಕಂಪ್ಯೂಟರಿನಲ್ಲಿ ಬಣ್ಣ ತುಂಬಿದಾಗ ಅದೇ ಎದೆಗವಚಕ್ಕೆ ಎರಡನೇ ಸಲ ನೆರಳು ಬೀಳುತ್ತದೆ. ಒಂದೇ ಚೌಕಟ್ಟಿನಲ್ಲಿ ಎರಡು ಕಡೆಯಿಂದ ಬೆಳಕು ಬಂದಂತೆ ಕಾಣುತ್ತದೆ. ಗೀರುಗಳು ಬಣ್ಣದಡಿ ಕೊಳೆಯಂತೆ ಉಳಿಯುತ್ತವೆ. ಬಣ್ಣ ತುಂಬಿದವರ ಕೈಯಲ್ಲಿ ಕೌಶಲವಿಲ್ಲವೆಂದಲ್ಲ. ಆದರೆ ಮುಗಿದ ಅಡುಗೆಗೆ ಇನ್ನೊಮ್ಮೆ ಉಪ್ಪು ಹಾಕಿದಂತಾಗಿದೆ.

ಬಣ್ಣದ ಪ್ರತಿಯ ಪರವಾಗಿ ಒಂದು ಮಾತು: ಕಪ್ಪು ಬಿಳುಪೆಂದರೆ ಮುಖ ತಿರುಗಿಸುವ ಮಕ್ಕಳು ಇದನ್ನು ಎತ್ತಿಕೊಳ್ಳುತ್ತಾರೆ.

ಹಳೆಯ ವಾರಪತ್ರಿಕೆಗಳನ್ನೇ ಹುಡುಕಬಹುದಲ್ಲ ಎನ್ನುವವರಿದ್ದಾರೆ. ಎಂಟು ಸಂಚಿಕೆ ಕೂಡಿಸುವ ಖರ್ಚಿನಲ್ಲಿ ಸಂಕಲನ ಕೊಂಡು ಇನ್ನೂ ಕೈಯಲ್ಲಿ ಹಣ ಉಳಿಯುತ್ತದೆ. ಸಂಗ್ರಾಹಕರಿಗೆ ಬಿಡಿ. ಮೊಬೈಲಿನಲ್ಲಿ ಓದುವುದಂತೂ ಬೇಡವೇ ಬೇಡ. ಚೌಕಟ್ಟು ಚೌಕಟ್ಟಾಗಿ ಜರುಗಿಸುತ್ತ ಹೋದರೆ ಪುಟದ ವಿನ್ಯಾಸವೇ ಕಾಣುವುದಿಲ್ಲ.

ಸಂಕಲನದಲ್ಲೂ ಕಿರಿಕಿರಿಯಿದೆ. ವಾರಕ್ಕೊಂದು ಕಂತಾಗಿ ಬಂದ ಕಥೆಯಾದ್ದರಿಂದ ಕೆಲವೇ ಪುಟಗಳಿಗೊಮ್ಮೆ ಡಾಕ್ಟರ್ ಸಾವಿನ ಬಾಯಿಗೆ ಹೋಗಿ ಬರುತ್ತಾನೆ, ಒಂದೇ ಗುಕ್ಕಿಗೆ ಓದಿದರೆ ದಣಿವಾಗುತ್ತದೆ. ನಾನು ಮಲಗುವ ಮುನ್ನ ಒಂದೊಂದೇ ಕಂತು ಓದುವವನು, ಆದ್ದರಿಂದ ಅದು ನನಗೆ ಬಾಧಿಸಲಿಲ್ಲ. ಮಲಗಿ ಓದಲು ಪುಸ್ತಕ ಅಗಲವಾಯಿತು ಅಷ್ಟೇ.

ವರ್ಷಕ್ಕೊಂದೆರಡು ಕಾಮಿಕ್ಸ್ ಸಂಕಲನಕ್ಕೆ ಮಾತ್ರ ಹಣ ತೆಗೆದಿಡುವ ನನ್ನಂಥವರಿಗೆ ಇನ್ನೊಂದು ಲಾಭ: ಇದೇ ಸಂಪುಟದಲ್ಲಿ 1980ರ ‘ದಿ ಸ್ಟಾರ್ ಬೀಸ್ಟ್’ ಕೂಡ ಇದೆ. ನಟ ಡೇವಿಡ್ ಟೆನೆಂಟ್ ಡಾಕ್ಟರ್ ಆಗಿ ಮರಳಿ ಬಂದ 2023ರ ವಿಶೇಷ ಕಂತಿಗೆ ಇದೇ ಆಧಾರ. ಕಿರುತೆರೆಯಿಂದ ಹುಟ್ಟಿದ ಚಿತ್ರಕಥೆಯನ್ನು ನಾಲ್ಕು ದಶಕಗಳ ಬಳಿಕ ಕಿರುತೆರೆಯೇ ಎರವಲು ಪಡೆಯಿತು. ಆ ಕಥೆಯ ಮೀಪ್ ಎಂಬ ಮುದ್ದುಮುಖದ ಕಟುಕನನ್ನು ಮೊದಲು ಗಿಬ್ಬನ್ಸ್ ಗೆರೆಗಳಲ್ಲಿ ನೋಡಿ, ಟಿವಿಯಲ್ಲಿ ಆಮೇಲೆ.