ಹಳೆಯ ಸಿಂಥಸೈಜರ್‌ಗೆ ಅರ್ತ್: ಸಾಕೆಟ್ ಕೂರಿಸುವುದೋ, ವೈರ್ ಬದಲಿಸುವುದೋ?

ಮೈಸೂರು, ಮಂಡ್ಯ ಕಡೆಯ ಆರ್ಕೆಸ್ಟ್ರಾ ತಂಡಗಳಲ್ಲಿ ಇನ್ನೂ ಉಳಿದಿರುವ ಎಂಬತ್ತರ ದಶಕದ ಜಪಾನಿ ಕೀಬೋರ್ಡ್‌ಗಳಲ್ಲಿ ಅನೇಕವಕ್ಕೆ ಎರಡೆಳೆಯ ವೈರ್ ಮಾತ್ರ ಇರುತ್ತದೆ. ಮೈ ಲೋಹದ್ದು, ಅರ್ತ್ ಇಲ್ಲ. ಬರಿಗಾಲಿನಲ್ಲಿ ನಿಂತು ಹಿಂಬದಿಯ ಜ್ಯಾಕ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಇದಕ್ಕಿರುವ ಮೂರು ದಾರಿಗಳನ್ನೂ ಮಾಡಿ ನೋಡಿದ್ದೇನೆ.

ಕಾರ್ಗ್ ಪಾಲಿಸಿಕ್ಸ್‌ಗೆ (1981) ಹಳೆಯ ತೂತಿನಲ್ಲೇ ಮೂರೆಳೆಯ ವೈರ್ ಹಾಕಿದೆ. ಪೆಟ್ಟಿಗೆಯನ್ನು ಕೊರೆಯಬೇಕಾಗಿಲ್ಲ, ಖರ್ಚೂ ಕಡಿಮೆ. ಬಣ್ಣ ಕೆರೆದು ಲೋಹ ಕಾಣಿಸಿದ ಜಾಗಕ್ಕೆ ಹಸಿರು-ಹಳದಿ ವೈರನ್ನು ಬೋಲ್ಟ್ ಹಾಕಿ ಬಿಗಿಯಬೇಕು. ಯಾರಾದರೂ ಎಳೆದರೂ ಅದು ಕೊನೆಗೆ ಕಿತ್ತುಬರುವಂತೆ ಉಳಿದೆರಡಕ್ಕಿಂತ ಉದ್ದ ಬಿಡಬೇಕು. ಮನೆಯಲ್ಲೇ ಇರುವ ವಾದ್ಯಕ್ಕೆ ಇಷ್ಟು ಸಾಕು. ವ್ಯಾನಿನಲ್ಲಿ ಊರೂರು ತಿರುಗುವ ವಾದ್ಯವಾದರೆ ವೈರ್ ಬುಡದಲ್ಲೇ ಮುರಿಯುತ್ತದೆ.

ರೋಲ್ಯಾಂಡ್ ಜೂನೊ-60ಕ್ಕೆ (1982) ಕಂಪ್ಯೂಟರ್ ಹಿಂದೆ ಇರುವಂಥ ಸಿ14 ಸಾಕೆಟ್ ಕೂರಿಸಿದೆ. ಸುಮಾರು 27 ಮಿ.ಮೀ. ಅಗಲ, 20 ಮಿ.ಮೀ. ಎತ್ತರದ ಕಿಂಡಿ ಬೇಕು. ಅರ ಹಾಕುವ ಮುನ್ನ ಬೋರ್ಡ್‌ಗಳನ್ನು ಹೊರಗೆ ತೆಗೆಯದಿದ್ದರೆ ಲೋಹದ ಪುಡಿ ಒಳಗೆ ಸೇರಿ ಶಾರ್ಟ್ ಆಗುತ್ತದೆ. ಕಷ್ಟಕ್ಕೆ ತಕ್ಕ ಫಲವಿದೆ: ವೈರ್ ಹಾಳಾದರೆ ಮೈಸೂರಿನ ಶಿವರಾಂಪೇಟೆಯಲ್ಲೋ ಮಂಡ್ಯದಲ್ಲೋ ಕಂಪ್ಯೂಟರ್ ಕಾರ್ಡ್ ಕೊಂಡರಾಯಿತು. ಅಪಾಯವೂ ಅಲ್ಲಿಯೇ ಇದೆ. ಜಪಾನಿನ ಮಾರುಕಟ್ಟೆಗೆಂದೇ ತಯಾರಾದ ವಾದ್ಯ 100 ವೋಲ್ಟಿನದು. ಸಿ14 ಕಂಡ ಕೂಡಲೇ ಯಾರೋ ಒಬ್ಬರು ನಮ್ಮ 230 ವೋಲ್ಟಿಗೆ ನೇರವಾಗಿ ಚುಚ್ಚಿಬಿಡುತ್ತಾರೆ. ಅಂಥವಕ್ಕೆ ನಾನು ಈ ಸಾಕೆಟ್ ಹಾಕುವುದೇ ಇಲ್ಲ.

ಕರೆಂಟಿನೊಡನೆ ಬರುವ ಕಿರಿಕಿರಿ ಸದ್ದನ್ನು ತಡೆಯುವ ಫಿಲ್ಟರ್ ಇರುವ ಸಾಕೆಟ್ ಯಮಹಾ ಡಿಎಕ್ಸ್7ಕ್ಕೆ (1983) ಹೋಯಿತು. ನೋಡಲು ಗಂಭೀರ, ಬೆಲೆಯೂ ಗಂಭೀರ. ಅರ್ತ್ ಸರಿಯಿರುವ ಮನೆಯಲ್ಲಿ ಅದರ ಬಗ್ಗೆ ದೂರಿಲ್ಲ. ಆದರೆ ಗಣೇಶನ ಪೆಂಡಾಲಿನ ಜನರೇಟರ್‌ಗೆ ಅರ್ತ್ ಎಲ್ಲಿಂದ ಬರಬೇಕು? ಫಿಲ್ಟರಿನೊಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಕೆಪಾಸಿಟರ್ ಪೆಟ್ಟಿಗೆಯ ಮೈಗೆ ಸೇರಿರುತ್ತವೆ. ಅರ್ತ್ ಇಲ್ಲದಾಗ ಅವು 230 ವೋಲ್ಟನ್ನು ಪಾಲು ಮಾಡಿ ಮೈಯನ್ನು ಸುಮಾರು 115 ವೋಲ್ಟಿನಲ್ಲಿ ನಿಲ್ಲಿಸುತ್ತವೆ. ಹರಿಯುವ ಕರೆಂಟ್ ತೀರಾ ಅತ್ಯಲ್ಪ, ಆದರೂ ಕೀಬೋರ್ಡಿನ ಮೇಲೆ ಕೈಯಿಟ್ಟು ಮೈಕಿಗೆ ತುಟಿ ತಾಗಿಸಿದ ಗಾಯಕ ಅದನ್ನು ಅತ್ಯಲ್ಪ ಎನ್ನಲಾರ. ಆ ಸಾಕೆಟ್ಟನ್ನು ಕಿತ್ತು ಸಾದಾ ಸಿ14 ಹಾಕಿದೆ. ತಿರುಗಾಟದ ವಾದ್ಯಕ್ಕೆ ನನ್ನ ಮತವೂ ಅದಕ್ಕೇ.

ಅರ್ತ್ ಕೊಟ್ಟ ಮೇಲೆ ಮಿಕ್ಸರ್‌ನಲ್ಲಿ ಗುಂಯ್ ಎಂಬ ಸದ್ದು ಹೊಸದಾಗಿ ಕೇಳಿಸಬಹುದು. ಕೀಬೋರ್ಡಿಗೂ ಮಿಕ್ಸರಿಗೂ ಎರಡು ಕಡೆಯಿಂದ ಅರ್ತ್ ಸೇರಿ ಸುತ್ತು ಬಿದ್ದಿರುತ್ತದೆ. ಪ್ಲಗ್ಗಿನ ದಪ್ಪ ಪಿನ್ ಮುರಿದು ಸದ್ದಡಗಿಸುವ ಸೌಂಡಿನವರನ್ನು ಕಂಡಿದ್ದೇನೆ. ಅದು ಮಾಡಿದ ಕೆಲಸವನ್ನೆಲ್ಲ ನೀರಿಗೆ ಹಾಕಿದಂತೆ. ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸನ್ನು (ಕೀಬೋರ್ಡಿನ ಸಿಗ್ನಲನ್ನು ಮಿಕ್ಸರಿಗೆ ದಾಟಿಸುವ ಪುಟ್ಟ ಪೆಟ್ಟಿಗೆ) ನಡುವೆ ಇಟ್ಟರೆ ಸದ್ದು ಹೋಗುತ್ತದೆ, ಅರ್ತ್ ಉಳಿಯುತ್ತದೆ.

ಇನ್ನು ಗೋಡೆಯ ವಿಷಯ. ಹಳೆಯ ಮನೆಗಳಲ್ಲಿ ಮೂರು ತೂತು ಇದ್ದರೂ ಮೇಲಿನದರ ಹಿಂದೆ ವೈರೇ ಇರದಿರಬಹುದು. ಮಲ್ಟಿಮೀಟರ್‌ನಲ್ಲಿ ಫೇಸ್ ಮತ್ತು ಅರ್ತ್ ನಡುವೆ 230ರ ಆಸುಪಾಸು ಕಾಣದಿದ್ದರೆ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ, ಸ್ಕ್ರೂಡ್ರೈವರ್ ಆಮೇಲೆ.